ಸ್ವೆಟರ್ ತೊಟ್ಟ ರೂಟರ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮಾತಿನಮಲ್ಲಿ ಒಬ್ಬ ಪ್ರಾಮಾಣಿಕನ ಮುಖಕ್ಕೆ ರಪ್ಪನೆ ಬಾಗಿಲು ಹಾಕಿ, ಒಬ್ಬ ಕಳ್ಳನಿಗೆ “ತುಂಬಾ ಥ್ಯಾಂಕ್ಸ್ ಸಾರ್” ಎಂದಳು. ಆ ಬಾಗಿಲಿನ ಸದ್ದಿಗೆ ಎದುರುಮನೆಯ ನಾಯಿ ಮೂರು ದಿನ ಬೊಗಳುವುದನ್ನೇ ಮರೆತಿತ್ತು. ನಾಲ್ಕನೆಯ ದಿನ ಬೊಗಳಿದ್ದೂ ಅನುಮತಿ ಕೇಳಿದ ಹಾಗೆ, ಮೆಲ್ಲಗೆ.

ಮಾತಿನಮಲ್ಲಿ ಎಂದು ಹೆಸರಿಟ್ಟವಳು ಅವಳ ಸೋದರತ್ತೆ. ಹುಟ್ಟಿದ ಮಗು ಅಳುವ ಬದಲು ಡಾಕ್ಟರಿಗೆ ಏನೋ ವಿವರಿಸಿತಂತೆ. ದೊಡ್ಡವಳಾದ ಮೇಲೆ ಅವಳು ಮಾತನ್ನೇ ಕಸುಬು ಮಾಡಿಕೊಂಡಳು. ಸಿನಿಮಾ, ಕಾರ್ಟೂನು, ಧಾರಾವಾಹಿ, ಎಲ್ಲದಕ್ಕೂ ಮನೆಯಿಂದಲೇ ದನಿ ಕೊಡುತ್ತಿದ್ದಳು. ಹನ್ನೊಂದು ವರ್ಷಗಳಲ್ಲಿ ಮುನ್ನೂರು ಮೇಕೆ, ಎಪ್ಪತ್ತು ದೆವ್ವ, ಲೆಕ್ಕವಿಲ್ಲದಷ್ಟು ಅಳುವ ಕೂಸು, ತುರ್ತಿಗೆ ಒಂದು ಸಲ ಹಳೇ ಬಾಗಿಲಿನ ಕಿರುಗುಟ್ಟುವಿಕೆ. ಇಷ್ಟೆಲ್ಲ ಆದರೂ ನಾಯಕಿಯ ಪಾತ್ರ ಮಾತ್ರ ಒಂದೂ ಸಿಕ್ಕಿರಲಿಲ್ಲ.

ಈಗ ಸಿಗುವುದಿತ್ತು. ನೂರಾ ನಾಲ್ಕು ಕಂತಿನ ಆಡಿಯೊ ಧಾರಾವಾಹಿ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇಂಟರ್ನೆಟ್ಟಿನಲ್ಲೇ ನೇರವಾಗಿ ಧ್ವನಿಪರೀಕ್ಷೆ. ಬೇರೆ ಊರಿನಲ್ಲಿರುವ ನಿರ್ದೇಶಕರು ಅಲ್ಲಿಂದಲೇ ಕೇಳಿ, ಅಲ್ಲಿಂದಲೇ ತೀರ್ಮಾನ ಹೇಳುತ್ತಾರೆ. ಅವಳ ಮನೆಯ ರೂಟರ್ ಮಾತ್ರ ಎರಡು ವಾರದಿಂದ ಪ್ರತಿ ಗಂಟೆಗೊಮ್ಮೆ ಪ್ರಾಣ ಬಿಡುತ್ತಿತ್ತು. ಐದು ನಿಮಿಷ ಸತ್ತಿದ್ದು ತಾನಾಗಿಯೇ ಎದ್ದು ಕೂರುತ್ತಿತ್ತು.

ಮೊದಲು ಆ ಸೋಮವಾರದ ವಿಷಯ. ನೆಟ್ ಹೋಯಿತು, ಬಂತು, ಮತ್ತೆ ಹೋಯಿತು. ಅವಳು ಸಿಟ್ಟಿನಿಂದ ಫೋನಿನಲ್ಲಿ ‘ರೂಟರ್ ಸಹಾಯ’ ಎಂದು ಹುಡುಕಿ, ಎಲ್ಲಕ್ಕಿಂತ ಮೇಲೆ ಕಂಡ ನಂಬರಿಗೆ ಕರೆ ಮಾಡಿದಳು. ಆ ಕಡೆಯಿಂದ ಬಂದ ದನಿ ದನಿಯಲ್ಲ, ಬೆಣ್ಣೆ. ಅದಕ್ಕೇ ನಾವು ಅವನನ್ನು ಬೆಣ್ಣೆರಾಯ ಎನ್ನೋಣ.

“ಅಯ್ಯೋ ಮೇಡಂ, ನಿಮ್ಮಂಥವರಿಗೆ ಇಂಥ ತೊಂದರೆಯಾ? ನಾನಿದ್ದೀನಲ್ಲ. ಒಂದು ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಕಂಪ್ಯೂಟರ್ ನಾನೇ ಇಲ್ಲಿಂದ ನೋಡ್ತೀನಿ.”

ಅಷ್ಟರಲ್ಲಿ ನೆಟ್ ಎದ್ದು ಕೂತಿತ್ತು, ಅವಳು ಹಾಕಿಕೊಂಡಳು. ಮೌಸಿನ ಬಾಣ ದೆವ್ವ ಹೊಕ್ಕಂತೆ ತಾನಾಗಿಯೇ ಓಡಾಡತೊಡಗಿತು. “ನೋಡಿ ಮೇಡಂ, ಇನ್ನೂರ ಎಂಟು ವೈರಸ್! ಎಲ್ಲಾ ನಿಮ್ಮ ರೂಟರ್ ಒಳಗೆ ಸಂಸಾರ ಹೂಡಿವೆ. ಈಗ ಬ್ಯಾಂಕಿಂದ ಒಂದು ಓಟಿಪಿ ಬರತ್ತೆ, ಅದನ್ನ ಹೇಳ್ಬಿಡಿ, ಸಾಕು.”

ಆಗಲೇ ಕಾಲಿಂಗ್ ಬೆಲ್ ಆದದ್ದು. ಬಾಗಿಲಲ್ಲಿ ಹೆಗಲ ಮೇಲೆ ಏಣಿ ಹೊತ್ತ ಒಬ್ಬ ಉದ್ದನೆಯ ಮನುಷ್ಯ ನಿಂತಿದ್ದ. ಏಣಿ ಯಾವುದು, ಮನುಷ್ಯ ಯಾವುದು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

“ರೂಟರ್... ಕಂಪ್ಲೇಂಟು. ಶನಿವಾರ... ನೀವೇ ಕೊಟ್ಟಿದ್ದು.” ಅವನು ಒಂದೊಂದು ಪದವನ್ನೂ ಸ್ಕ್ರೂ ತಿರುಗಿಸಿ ಕೂರಿಸಿದ ಹಾಗೆ ಇಡುತ್ತಿದ್ದ.

ಫೋನಿನೊಳಗಿನ ಬೆಣ್ಣೆ ಕರಗಿತು. “ಯಾರು ಮೇಡಂ ಬಂದಿರೋದು? ಹುಷಾರು! ಈಗ ಕಂಪನಿ ಹೆಸರು ಹೇಳ್ಕೊಂಡು ಕಳ್ಳರು ಮನೆಮನೆಗೆ ಬರ್ತಿದಾರೆ. ಹೀಗೇ ತಡವರಿಸ್ತಾರೆ ನೋಡಿ.”

ದನಿ ಕೇಳಿದರೆ ಸಾಕು, ಮನುಷ್ಯನ ಜಾತಕ ಹೇಳಬಲ್ಲೆ ಎಂದು ಮಾತಿನಮಲ್ಲಿ ಹನ್ನೊಂದು ವರ್ಷದಿಂದ ಕೊಚ್ಚಿಕೊಂಡು ಬಂದಿದ್ದಳು. ಈಗಲೂ ಹೇಳಿದಳು. ನಯವಾಗಿ ಹರಿಯುವ ದನಿ ಸಾಚಾ, ಮುಗ್ಗರಿಸುವ ದನಿ ಖೋಟಾ. ಬಾಗಿಲು ರಪ್ಪೆಂದಿತು, ಬೆಣ್ಣೆರಾಯನಿಗೆ ಥ್ಯಾಂಕ್ಸ್ ಸಂದಿತು, ನಾಯಿಗೆ ಮಾತು ನಿಂತಿತು.

ಬಾಗಿಲಾಚೆಯಿಂದ ಸಿಟ್ಟಿಲ್ಲದ ದನಿಯೊಂದು ಬಂತು.

“ಮೇಡಂ... ನಾನು ಒಳಗೆ ಬರಲ್ಲ. ನನ್ನ ನಂಬ್ಬೇಡಿ. ಫೋನಲ್ಲಿ ಇರೋರನ್ನೂ... ನಂಬ್ಬೇಡಿ. ನಿಮ್ಮ ಬಿಲ್ ಮೇಲೆ ಒಂದು ನಂಬರ್ ಇರತ್ತೆ. ಅದಕ್ಕೆ ಫೋನ್ ಮಾಡಿ ಕೇಳಿ. ಅಲ್ಲೀವರೆಗೂ ಯಾರಿಗೂ ಏನೂ ಹೇಳ್ಬೇಡಿ. ನಾನು ಮೆಟ್ಟಿಲ ಮೇಲೆ... ಕೂತಿರ್ತೀನಿ.”

ಭೂಮಿ ಹುಟ್ಟಿದಾಗಿನಿಂದ ಯಾವ ಮೋಸಗಾರನೂ ‘ನನ್ನ ನಂಬಬೇಡಿ’ ಎಂದ ದಾಖಲೆಯಿಲ್ಲ. ಮಾತಿನಮಲ್ಲಿ ಫೋನನ್ನು ಕಿವಿಯಿಂದ ದೂರ ಹಿಡಿದಳು.

ಒಳಗಿನಿಂದ ಅತ್ತೆ ಬಂದಳು. ಅತ್ತೆ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅವಳ ಒಂದು “ಹಲೋ”ಗೆ ಆಗಿನ ಕಾಲದ ಅಧಿಕಾರಿಗಳು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರಂತೆ. “ಕೊಡಿಲ್ಲಿ,” ಎಂದು ಫೋನು ಕಿತ್ತುಕೊಂಡಳು. “ಹಲೋ. ಏನಪ್ಪಾ, ನಮ್ಮ ಗ್ರಾಹಕ ಸಂಖ್ಯೆಯ ಕೊನೇ ನಾಲ್ಕಂಕಿ ಹೇಳು ನೋಡೋಣ.”

“ಮೇಡಂ, ಅದು ಸೆಕ್ಯುರಿಟಿ ಕಾರಣಕ್ಕೆ...”

“ಕಂಪನಿಯವನಿಗೆ ಕಂಪನಿ ಕೊಟ್ಟ ನಂಬರೇ ಗೊತ್ತಿಲ್ವಾ?”

ಬೆಣ್ಣೆ ಅರೆಕ್ಷಣದಲ್ಲಿ ಕಮಟಿತು. ಅವನು ಆಡಿದ ಮಾತುಗಳನ್ನು ಇಲ್ಲಿ ಬರೆದರೆ ಕಾಗದ ಸುಟ್ಟೀತು. ಮಾತಿನಮಲ್ಲಿ ಓಡಿಹೋಗಿ ರೂಟರಿನ ಪ್ಲಗ್ಗನ್ನು ಹಲ್ಲು ಕೀಳುವ ಹಾಗೆ ಕಿತ್ತಳು. ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತು. ಓಟಿಪಿ ಅವಳ ನಾಲಿಗೆಯ ತುದಿಯಲ್ಲಿತ್ತು, ಅಲ್ಲೇ ಉಳಿಯಿತು.

ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ, ಒಂದು ಜನ್ಮಕ್ಕಾಗುವಷ್ಟು ಹೋಲ್ಡ್ ಸಂಗೀತ ಕೇಳಿ, ಶನಿವಾರದ ಕಂಪ್ಲೇಂಟಿಗೆ ಕಳಿಸಿದ್ದ ಟೆಕ್ನಿಷಿಯನ್ ನಿಜಕ್ಕೂ ಅವನೇ ಎಂದು ಖಾತ್ರಿಯಾಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಅವಳು ಬಾಗಿಲ ಚೈನು ಬಿಡಿಸದೆಯೇ ಸಂದಿಯಲ್ಲಿ ಇಣುಕಿದಳು. ಅವನು ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಏಣಿ ಮಲಗಿತ್ತು.

“ಇನ್ನೂ ಇದ್ದೀರಾ?”

“ಇರ್ತೀನಿ ಅಂದಿದ್ನಲ್ಲ.”

ಇಷ್ಟೇ. ಹನ್ನೊಂದು ವರ್ಷದಲ್ಲಿ ಅವಳು ಓದಿದ ಎಪ್ಪತ್ತು ಸಾವಿರ ಡೈಲಾಗುಗಳಲ್ಲಿ ಇದಕ್ಕಿಂತ ಚಿಕ್ಕವು ಬೇಕಾದಷ್ಟಿದ್ದವು. ಆದರೆ ಒಂದೂ ಅವಳ ಕಿವಿಯಿಂದ ಇಳಿದು ಎದೆಯವರೆಗೆ ನಡೆದುಕೊಂಡು ಹೋಗಿರಲಿಲ್ಲ.

ಅವನು ಒಳಗೆ ಬರುವ ಮೊದಲು ಅತ್ತೆ ಒಂದು ಕೆಲಸ ಮಾಡಿದಳು. ಇದನ್ನು ಓದುಗರು ಗಮನವಿಟ್ಟು ಕೇಳಬೇಕು. ಮಾತಿನಮಲ್ಲಿಯ ಕಿವಿ ಎಂಥದೆಂದರೆ ಇರುವೆ ಕೆಮ್ಮಿದರೂ ಅವಳಿಗೆ ನಿದ್ದೆ ಕೆಡುತ್ತಿತ್ತು. ಅವಳು ರೆಕಾರ್ಡ್ ಮಾಡುತ್ತಿದ್ದದ್ದು ಮಲಗುವ ಕೋಣೆಯ ಬಟ್ಟೆಯ ಬೀರುವಿನಲ್ಲಿ. ಒಳಗೆಲ್ಲ ರಜಾಯಿ ಹೊದಿಸಿ, ನಡುವೆ ಮೈಕು ತೂಗುಹಾಕಿ, ತಾನೂ ತೂರಿಕೊಳ್ಳುತ್ತಿದ್ದಳು. ಪಕ್ಕದಲ್ಲೇ ಇದ್ದ ರೂಟರಿನ ‘ಗುಂಯ್’ ಎನ್ನುವ ಸದ್ದು ಮೈಕಿಗೆ ಬೀಳುತ್ತದೆಂದು, ಎರಡು ವಾರದ ಹಿಂದೆ ಅದಕ್ಕೊಂದು ಉಣ್ಣೆಯ ಸ್ವೆಟರ್ ತೊಡಿಸಿ ಗುಂಡಿ ಹಾಕಿಬಿಟ್ಟಿದ್ದಳು. ಅದು ಅತ್ತೆ ಜೀವನದಲ್ಲಿ ಮೊದಲು ಹೆಣೆದ ಸ್ವೆಟರ್. ಲೆಕ್ಕ ತಪ್ಪಿ ಮೂರು ತೋಳಾಗಿದ್ದವು. ವೈರುಗಳು ಮೂರನೆಯ ತೋಳಿನಿಂದ ಹೊರಗೆ ಬರುತ್ತಿದ್ದವು. ಅದನ್ನು ಹೊರಗಿನವರು ಕಂಡರೆ ಅತ್ತೆಯ ಮಾನ ಮೂರಾಬಟ್ಟೆ. ಹಾಗಾಗಿ ಬೆಲ್ ಆದರೆ ಸಾಕು, ಅವಳು ಅದನ್ನು ಸರ್ರನೆ ಕಳಚಿ ದಿಂಬಿನಡಿ ತುರುಕುತ್ತಿದ್ದಳು. ಬಂದವರು ಗೇಟು ದಾಟಿದ ಕೂಡಲೇ ಮತ್ತೆ ತೊಡಿಸುತ್ತಿದ್ದಳು. ಅವತ್ತೂ ಅದನ್ನೇ ಮಾಡಿದಳು. ಇದರಲ್ಲೇನಾದರೂ ಐಬಿದೆಯೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಉದ್ದನೆಯವನು ಒಳಗೆ ಬಂದ. ಅತ್ತೆ ಆಗಲೇ ಅವನಿಗೆ ಏಣಿ ಎಂದು ಹೆಸರಿಟ್ಟಾಗಿತ್ತು. ಅವನು ಕೈಗಳನ್ನು ಹಿಂದೆ ಕಟ್ಟಿ ನಿಂತ.

“ಮೊದಲು ಆ ಆ್ಯಪ್ ತೆಗೀರಿ. ಆಮೇಲೆ ಪಾಸ್‌ವರ್ಡ್‌ಗಳೆಲ್ಲ... ಬೇರೆ ಫೋನಿಂದ ಬದಲಾಯಿಸಿ. ಬ್ಯಾಂಕಿಗೂ ಹೇಳ್ಬಿಡಿ. ಕಂಪನಿಯೋರು ಯಾವತ್ತೂ ಓಟಿಪಿ ಕೇಳಲ್ಲ, ಮೇಡಂ. ನಾನೂ ಕೇಳಲ್ಲ.”

“ಕೀಬೋರ್ಡ್ ತಗೊಳ್ಳಿ, ನೀವೇ ಮಾಡಿ.”

“ಬೇಡ. ನಿಮ್ಮ ಮನೆಯ ಬೀಗ... ನೀವೇ ಹಾಕ್ಬೇಕು.”

ಮಾತಿನಮಲ್ಲಿಯ ಮೂಗು ಕೆಂಪಾಯಿತು. ಒಂದು ದನಿಗೆ ಮೋಸಹೋದ ಅವಮಾನ ಅವಳನ್ನು ಒಳಗೊಳಗೇ ಕುದಿಸುತ್ತಿತ್ತು. “ಸರಿ,” ಎಂದಳು ಸೊಂಟಕ್ಕೆ ಸೆರಗು ಬಿಗಿದು. “ಇನ್ಮೇಲೆ ಈ ಡಬ್ಬಾನ ನಾನೇ ರಿಪೇರಿ ಮಾಡೋದು. ನೀವು ಬಾಯಲ್ಲಿ ಹೇಳಿ, ನಾನು ಕೈಯಲ್ಲಿ ಮಾಡ್ತೀನಿ. ಶುಕ್ರವಾರ ಹನ್ನೊಂದಕ್ಕೆ ನನ್ನ ದನಿ ಆ ಊರಿಗೆ ತಲುಪಲೇಬೇಕು. ತಲುಪದಿದ್ರೆ ತಾರಸಿ ಹತ್ತಿ ಕೂಗ್ತೀನಿ, ಅಲ್ಲಿಗೇ ಕೇಳಿಸ್ಬೇಕು ಹಾಗೆ.”

“ಕೇಳಿಸತ್ತೆ,” ಎಂದ ಏಣಿ ಬಾಗಿಲಿನ ಕಡೆಗೊಮ್ಮೆ ನೋಡಿ. “ಬಾಗಿಲು... ಹಾಕಿದ್ದು ಕೇಳಿಸ್ತಲ್ಲ.”

ಅವಳು ದುರುಗುಟ್ಟಿ ನೋಡಿದಳು. ಅವನ ಮುಖ ಗಂಭೀರವಾಗಿಯೇ ಇತ್ತು. ತುಟಿಯ ಬಲ ಮೂಲೆಯೊಂದು ಮಾತ್ರ ಮಾಲೀಕನ ಮಾತು ಕೇಳದೆ ಸ್ವಲ್ಪ ಮೇಲೇರಿತ್ತು.

ಮಂಗಳವಾರ ಪಾಠ ಶುರುವಾಯಿತು.

“ಪ್ಲಗ್ ತೆಗೀರಿ. ಮೂವತ್ತು ಎಣಿಸಿ. ಆಮೇಲೆ ಹಾಕಿ.”

ಅವಳು ಮೂವತ್ತನ್ನೂ ಮೂವತ್ತು ದನಿಗಳಲ್ಲಿ ಎಣಿಸಿದಳು. ಏಳು ಎಂದದ್ದು ಮುದುಕಿ, ಹನ್ನೆರಡು ಎಂದದ್ದು ಪೊಲೀಸು, ಹದಿನೇಳು ಎಂದದ್ದು ಮೇಕೆ. ಹದಿನೇಳಕ್ಕೆ ಏಣಿ ನಗಲಿಲ್ಲ, ಇಪ್ಪತ್ತೆರಡಕ್ಕೆ ನಕ್ಕ. ಅವನ ನಗುವೂ ಅವನ ಮಾತಿನ ಹಾಗೆಯೇ, ಹೊರಟ ಮೇಲೆ ತಲುಪಲು ಸ್ವಲ್ಪ ಹೊತ್ತು. ಆದರೆ ತಲುಪಿದಾಗ ಕೋಣೆಯ ಎಲ್ಲ ಮೂಲೆಗೂ ತಲುಪಿತು.

“ಈಗ ಪಾಸ್‌ವರ್ಡ್. ರೂಟರ್ ಅಡಿ ಚೀಟಿಯಲ್ಲಿ ಇರೋದು ಊರಿಗೆಲ್ಲಾ ಗೊತ್ತಿರತ್ತೆ. ಹೊಸದು ಹಾಕಿ. ಉದ್ದ ಇರ್ಲಿ.” ಹೀಗೆಂದವನೇ ಅವನು ಎದ್ದು, ತಿರುಗಿ, ಗೋಡೆಗೆ ಮುಖ ಮಾಡಿ ನಿಂತ.

“ಏನ್ರೀ ಅದು?”

“ನೀವು ಟೈಪ್ ಮಾಡೋವಾಗ... ನಾನು ನೋಡ್ಬಾರ್ದು.”

ಗಂಡಸರು ಕಣ್ಣು ಮಿಟುಕಿಸಿದ್ದು, ಹುಬ್ಬು ಹಾರಿಸಿದ್ದು, ಬೈಕಿನ ಮೇಲೆ ಎದ್ದು ನಿಂತದ್ದು ಎಲ್ಲವನ್ನೂ ಮಾತಿನಮಲ್ಲಿ ಕಂಡಿದ್ದಳು. ತನಗಾಗಿ ಗೋಡೆ ನೋಡುತ್ತ ನಿಂತ ಗಂಡಸನ್ನು ಕಂಡದ್ದು ಇದೇ ಮೊದಲು. ಅವಳು ಕೀಲಿಗಳ ಮೇಲೆ ಬೆರಳಿಟ್ಟು ಅವನ ಬೆನ್ನು ನೋಡಿದಳು. ಕಾಲರಿನ ಎಡ ಅಂಚು ಒಳಕ್ಕೆ ಮಡಿಚಿಕೊಂಡಿತ್ತು. ಬಲಗಿವಿಯ ಹಿಂದೆ ಒಂದು ಗಿಡ್ಡ ಪೆನ್ಸಿಲ್. ಹೊಸದಾಗಿ ಕತ್ತರಿಸಿದ ಕೂದಲಿನ ಕೆಳಗೆ ಕುತ್ತಿಗೆ, ಬಿಸಿಲು ಕಂಡ ಬಣ್ಣಕ್ಕೂ ಕಾಣದ ಬಣ್ಣಕ್ಕೂ ನಡುವೆ ಒಂದು ನೇರ ಗೆರೆ. ಆ ಗೆರೆಯನ್ನು ಅವಳು ಯಾವ ಸ್ಕ್ರಿಪ್ಟನ್ನೂ ಓದದಷ್ಟು ಶ್ರದ್ಧೆಯಿಂದ ಓದಿದಳು.

“ಆಯ್ತಾ ಮೇಡಂ?”

“ಇನ್ನೂ ಇಲ್ಲ.”

ಆಗಿ ನಾಲ್ಕು ನಿಮಿಷವಾಗಿತ್ತು.

ಅವನು ಹೊರಡುವವರೆಗೂ ರೂಟರಿನ ದೀಪಗಳೆಲ್ಲ ಗದ್ದೆಯ ಹಾಗೆ ಹಸಿರಾಗಿದ್ದವು. ಅವನು ಹೋದ ಗಂಟೆಗೆ ಸರಿಯಾಗಿ ಸತ್ತವು. ಅವಳು ಬಿಲ್ಲಿನ ನಂಬರಿಗೆ ಫೋನ್ ಮಾಡಿದಳು. ಬುಧವಾರ ಅವನು ಮತ್ತೆ ಬಂದ. ಅತ್ತೆ ಸ್ವೆಟರ್ ಕಳಚಿದಳು. ದೀಪಗಳು ಹಸಿರು. ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ ನೋಡಿದರು, ಸರಿಯಿತ್ತು. ಕೇಬಲ್ ತೆಗೆದು ವೈಫೈಯಲ್ಲಿ ನೋಡಿದರು, ಅದೂ ಸರಿಯಿತ್ತು. ಎರಡು ಗಂಟೆ ಕಾದರು; ಅದು ಒಮ್ಮೆಯೂ ತೂಕಡಿಸಲಿಲ್ಲ. ಅವನು ಗೇಟು ದಾಟಿದ. ಸ್ವೆಟರ್ ಏರಿತು. ಗಂಟೆಗೆ ಸಾವು.

ಅವನು ಕೊಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿ ಅವಳು ಅವನ ಮೇಲೆ ಹಾರಿಬಿದ್ದಳು. “ಏನ್ರೀ ಇದು? ನೀವಿದ್ರೆ ಮದುವೆಮನೆ ಥರ ಇರತ್ತೆ, ನೀವು ಹೋದ್ರೆ ಪ್ರಾಣ ಬಿಡತ್ತೆ! ಏನು ಮಂತ್ರ ಹಾಕಿದ್ದೀರಿ?”

“ಹಾಗೆ... ಆಗಬಾರ್ದು ಮೇಡಂ.”

“ಆಗ್ತಿದೆಯಲ್ಲ!”

“ಹೌದು,” ಎಂದ ಅವನು ಮೆಲ್ಲಗೆ. “ನಂಗೂ... ಏನೋ ಆಗ್ತಿದೆ. ನಾಳೆ ಬರ್ತೀನಿ.”

ಹಿಂದಿನಿಂದ ಅತ್ತೆ ಕೂಗಿದಳು: “ಮಲ್ಲೀ, ಆ ಹುಡುಗನ್ನ ಗೋಡೆಗೇ ಫಿಟ್ ಮಾಡ್ಸಿಬಿಡೇ! ದಿನಾ ಬಂದು ಹೋಗೋದ್ಯಾಕೆ?”

ಅದೇ ಸಂಜೆ ನಿರ್ದೇಶಕರು ಫೋನಿನಲ್ಲಿ ತಾಲೀಮು ಕೇಳಿದರು. ಮುಖ್ಯ ದೃಶ್ಯದಲ್ಲಿ ನಾಯಕಿ ಹೊರಟು ನಿಂತವನಿಗೆ ಹೇಳುವ ಮಾತು ಇಷ್ಟೇ: “ಇನ್ನೊಂದು ಸ್ವಲ್ಪ ಹೊತ್ತು ಇರು. ಕಾರಣ ಕೇಳಬೇಡ.”

ಅವಳು ಹತ್ತು ರೀತಿ ಹೇಳಿದಳು. ಪಿಸುಗುಟ್ಟಿ ಹೇಳಿದಳು, ಬಿಕ್ಕಿ ಹೇಳಿದಳು, ಜೇನಿನಲ್ಲಿ ಅದ್ದಿ ತೆಗೆದು ಹೇಳಿದಳು.

“ಸಕ್ಕರೆ ಜಾಸ್ತಿ ಆಯ್ತಮ್ಮ,” ಎಂದರು ನಿರ್ದೇಶಕರು. “ನೀನು ಕೇಳ್ಕೊಳ್ತಾ ಇಲ್ಲ, ಮಾರ್ತಾ ಇದೀಯ. ಶುಕ್ರವಾರನೂ ಹೀಗೇ ಆದ್ರೆ ನಾನು ಬೇರೆಯವರನ್ನ ನೋಡ್ತೀನಿ. ಬೇಜಾರ್ ಮಾಡ್ಕೋಬೇಡ.”

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹಲ್ಲು ಕಚ್ಚಿಕೊಂಡಳು. ಆ ಸಾಲನ್ನು ಬೀರುವಿನೊಳಗೆ ಇನ್ನೂರು ಸಲ ಹೇಳಿದಳು. ರಜಾಯಿಗಳೇ ಬೇಸತ್ತು ಜಾರಿ ಬಿದ್ದವು. ಆ ಪಾತ್ರ ತನ್ನದಾಗಲೇಬೇಕು. ಮುನ್ನೂರ ಒಂದನೆಯ ಮೇಕೆಯಾಗಿ ಅವಳು ಸಾಯಲಾರಳು.

ಗುರುವಾರ ಅತ್ತೆ ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಹೋಗಿದ್ದಳು. ಮಾತಿನಮಲ್ಲಿ ಬಾಗಿಲು ತೆರೆದು ಏಣಿಯನ್ನು ನೇರವಾಗಿ ಕೋಣೆಗೆ ಕರೆದುಕೊಂಡು ಬಂದಳು. ಅವನು ಹೊಸ್ತಿಲಲ್ಲೇ ನಿಂತ. ಮೇಜಿನ ಮೇಲೆ, ಮೂರು ತೋಳಿನ ಸ್ವೆಟರ್ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ರೂಟರ್ ಕುಳಿತಿತ್ತು.

ಅವನು ಹತ್ತಿರ ಹೋದ. ಬೆರಳಿನ ಹಿಂಬದಿಯಿಂದ ಮುಟ್ಟಿದ. ಕಾದ ಹೆಂಚು. ಆ ರೂಟರಿನ ಮೇಲೆ ಅವತ್ತು ಇಡೀ ಬೀದಿಗೆ ಕಾಫಿ ಕಾಯಿಸಬಹುದಿತ್ತು.

“ಮೇಡಂ... ಇದಕ್ಕೆ ಚಳಿ ಆಗತ್ತಾ?”

ಅವಳು ಮೊದಲು ಅವನನ್ನು ನೋಡಿದಳು, ಆಮೇಲೆ ಸ್ವೆಟರನ್ನು, ಆಮೇಲೆ ನೆಲವನ್ನು. ಕೆಂಪು ಎಂಬುದು ಕುತ್ತಿಗೆಯಿಂದ ಹೊರಟು ಕಿವಿಯ ತುದಿ ಮುಟ್ಟಿತು. “ಅದು ಗುಂಯ್ ಅನ್ನತ್ತೆ,” ಎಂದಳು ಸಣ್ಣಗೆ. “ಮೈಕಿಗೆ ಬೀಳತ್ತೆ. ನಿಮಗೆ ಕೇಳ್ಸಲ್ವಾ?”

ಅವನು ಬಗ್ಗಿ ಕಿವಿಯಿಟ್ಟ. ಎಲ್ಲಿಂದ ಕೇಳುತ್ತದೆಂದು ತೋರಿಸಲು ಅವಳೂ ಬಗ್ಗಿದಳು. ಎರಡು ಮುಖಗಳ ನಡುವೆ ಈಗ ಒಂದು ಬಿಸಿ ರೂಟರ್ ಮಾತ್ರ ಇತ್ತು. ಅವನ ಕಣ್ಣುಗಳು ಕಡುಕಂದು. ಎಡಗಣ್ಣಿನಲ್ಲಿ ಒಂದು ಚುಕ್ಕೆ. ಮೂರು ದಿನದಿಂದ ಬೆನ್ನನ್ನೇ ಓದಿದವಳಿಗೆ ಈ ಕಡೆಯಲ್ಲೂ ಇಷ್ಟು ಬರೆದಿದೆಯೆಂದು ಗೊತ್ತೇ ಇರಲಿಲ್ಲ.

“ಕೇಳಿಸ್ತಾ?” ಎಂದಳು.

“ಕೇಳಿಸ್ತಿದೆ,” ಎಂದ. ಅವನು ಹೇಳಿದ್ದು ರೂಟರಿನ ಸದ್ದಿನ ಬಗ್ಗೆಯೋ, ಅವಳ ಎದೆಯ ಸದ್ದಿನ ಬಗ್ಗೆಯೋ, ಅವನಿಗೇ ಗೊತ್ತು. ಆಮೇಲೆ ಅವನೇ ನೇರವಾಗಿ ನಿಂತು ಗಂಟಲು ಸರಿಮಾಡಿಕೊಂಡ. “ಗುಂಯ್ ಅನ್ನೋದು ಅಡಾಪ್ಟರ್. ಅದನ್ನ ಬದಲಾಯಿಸ್ತೀನಿ. ರೂಟರ್‌ಗೆ ಗಾಳಿ ಬೇಕು ಮೇಡಂ, ಮುಚ್ಚಿದ್ರೆ ಕಾದು ಆಫ್ ಆಗತ್ತೆ. ಹಾಲ್‌ನಲ್ಲಿ, ಎತ್ತರದಲ್ಲಿ, ಬಯಲಿಗೆ ಇಡೋಣ. ಅಲ್ಲಿಂದ ನಿಮ್ಮ ಬೀರುವಿಗೆ ಒಂದು ಉದ್ದದ ಕೇಬಲ್ ಎಳೀತೀನಿ.”

ಕೇಬಲ್ ಎಳೆದಾಯಿತು. ಎರಡು ಗಂಟೆ ಕಾದರು. ಅವನು ಗೇಟಿನಾಚೆ ಹೋಗಿ ನಿಂತ, ಬೀದಿಯ ತುದಿಗೆ ಹೋಗಿ ನಿಂತ. ದೀಪಗಳು ಹಸಿರಾಗಿಯೇ ಇದ್ದವು. ರೂಟರಿಗೆ ಇನ್ನು ಅವನು ಬೇಕಾಗಿರಲಿಲ್ಲ.

“ಸರಿ ಹೋಯ್ತು,” ಎಂದ ಬಾಗಿಲಲ್ಲಿ. ಏಣಿಯನ್ನು ಒಮ್ಮೆ ಈ ಹೆಗಲಿಗೆ, ಒಮ್ಮೆ ಆ ಹೆಗಲಿಗೆ ಬದಲಾಯಿಸಿದ. “ಇನ್ನು ನಾನು... ಬರೋ ಅಗತ್ಯ ಇಲ್ಲ.”

ಮಾತಿನಮಲ್ಲಿ ಬಾಯಿ ತೆರೆದಳು. ಹನ್ನೊಂದು ವರ್ಷದ ಅನುಭವ ತಟಕ್ಕನೆ ಮುಂದೆ ಬಂದು ಅವಳ ಪರವಾಗಿ ಮಾತಾಡಿತು: “ತುಂಬಾ ಥ್ಯಾಂಕ್ಸ್ ರೀ, ನಿಮ್ಮಿಂದ ಬಹಳ ಉಪಕಾರ ಆಯ್ತು!” ನಯವಾಗಿ, ಇಂಪಾಗಿ, ಒಂದು ಸುಕ್ಕಿಲ್ಲದೆ.

ಅವನು ತಲೆಯಾಡಿಸಿ ಮೆಟ್ಟಿಲಿಳಿದ. ಬಾಗಿಲು ಹಾಕಿದ ಮೇಲೆ ಅವಳಿಗೆ ತನ್ನದೇ ದನಿ ಕಿವಿಯಲ್ಲಿ ಮತ್ತೆ ಕೇಳಿಸಿತು. ಅಪ್ಪಟ ಬೆಣ್ಣೆರಾಯ! ಒಳಗೆ ‘ಹೋಗಬೇಡ’ ಎಂದು ಬೊಬ್ಬೆ ಹೊಡೆಯುತ್ತಿದ್ದರೂ ಹೊರಗೆ ಬಂದದ್ದು ಪ್ಲಾಸ್ಟಿಕ್ ಹೂವು. ನಿರ್ದೇಶಕರು ಸಕ್ಕರೆ ಎಂದದ್ದು ಇದಕ್ಕೇ. ನಯವಾದ ದನಿಯನ್ನು ಅವಳು ನಂಬಿದ್ದೂ ಇದಕ್ಕೇ. ಅದು ಅವಳದೇ ದನಿಯಾಗಿತ್ತು.

ಅವಳು ಕಣ್ಣೊರೆಸಿಕೊಂಡು ಯಾರೂ ಇಲ್ಲದ ಹಾಲ್‌ಗೆ ಘೋಷಿಸಿದಳು: “ಎರಡೂ ಬೇಕು ನನಗೆ. ಪಾತ್ರವೂ ಬೇಕು, ಅವರೂ ಬೇಕು. ಒಂದನ್ನೂ ಬಿಡೋದಿಲ್ಲ.”

ಶುಕ್ರವಾರ ಹತ್ತೂಮುಕ್ಕಾಲಿಗೆ ನೋಡಿದರೆ ರೂಟರಿನಲ್ಲಿ ಕೆಂಪು ದೀಪ.

ಅತ್ತೆ ಎದೆ ಹಿಡಿದುಕೊಂಡಳು. ಮಾತಿನಮಲ್ಲಿ ಹಿಡಿದುಕೊಳ್ಳಲಿಲ್ಲ. ಪ್ಲಗ್ ತೆಗೆದಳು, ಮೂವತ್ತು ಎಣಿಸಿದಳು, ಹಾಕಿದಳು. ಡಬ್ಬ ಮುಟ್ಟಿದಳು, ತಣ್ಣಗಿತ್ತು. “ನಮ್ಮ ತಪ್ಪಲ್ಲ ಅತ್ತೆ. ಲೈನ್ ದೀಪ ಕೆಂಪು. ತೊಂದರೆ ಹೊರಗಿದೆ.” ಬಿಲ್ಲಿನ ನಂಬರಿಗೆ ಫೋನ್ ಮಾಡಿದಳು. ಈ ಸಲ ಕೂಡಲೇ ಎತ್ತಿದರು. ಅರ್ಧ ಗಂಟೆಯ ಹಿಂದೆ ಎತ್ತರದ ಲೋಡ್ ಹೊತ್ತ ಲಾರಿಯೊಂದು ಬೀದಿಯ ಕೊನೆಯಲ್ಲಿ ಕೇಬಲ್ಲು ಕಿತ್ತುಕೊಂಡು ಹೋಗಿತ್ತು. ಆಗಲೇ ಜನ ಬಂದು ಕೆಲಸ ಮಾಡುತ್ತಿದ್ದರು.

ಮೊಬೈಲ್ ನೆಟ್ಟು ಆ ಮನೆಯ ದಪ್ಪ ಗೋಡೆಗಳೊಳಗೆ ದನಿ ಹೊರುವಷ್ಟು ಬರುವುದೇ ಇಲ್ಲವೆಂದು ಹಠ ಹಿಡಿದಿತ್ತು. ಅವಳು ಲ್ಯಾಪ್‌ಟಾಪು, ಮೈಕು, ಹೆಡ್‌ಫೋನುಗಳನ್ನು ಬಾಚಿ ತಬ್ಬಿಕೊಂಡು ಬೀದಿಗೆ ಓಡಿದಳು. ಹಿಂದೆ ಅತ್ತೆ, ಅತ್ತೆಯ ಹಿಂದೆ ಆ ನಾಯಿ.

ಬೀದಿಯ ಕೊನೆಯ ಕಂಬದ ಮೇಲೆ, ಏಣಿಯ ತುದಿಯಲ್ಲಿ, ಏಣಿ ನಿಂತಿದ್ದ. ಕೆಳಗೆ ಅವನ ಕಂಪನಿಯ ವ್ಯಾನು.

“ಎಷ್ಟು ಹೊತ್ತಾಗತ್ತೆ?” ಎಂದು ಕೂಗಿದಳು.

ಅವನು ಕೆಳಗೆ ನೋಡಿದ. “ಒಂದು ಗಂಟೆ... ಮೇಲಾಗ್ಬಹುದು.” ಅವನ ಮುಖ ಸಪ್ಪಗಾಯಿತು. “ನಿಮ್ಮ ಹನ್ನೊಂದು ಗಂಟೆ.”

“ನನ್ನ ಹನ್ನೊಂದು ಗಂಟೆ ನಾನು ನೋಡ್ಕೋತೀನಿ. ನಿಮ್ಮ ವ್ಯಾನ್ ಕೀ ಕೊಡಿ!”

ಅವನು ಕೇಳಲಿಲ್ಲ, ಯಾಕೆ ಎನ್ನಲಿಲ್ಲ. ಜೇಬಿನಿಂದ ತೆಗೆದು ಕೆಳಗೆ ಬಿಟ್ಟ. ಅವಳು ಗಾಳಿಯಲ್ಲೇ ಹಿಡಿದಳು. ಜಗತ್ತಿನ ಯಾವ ವಿಕೆಟ್ ಕೀಪರನೂ ಹಾಗೆ ಹಿಡಿದಿರಲಾರ.

ವ್ಯಾನಿನ ಹಿಂಭಾಗದ ತುಂಬ ಕೇಬಲ್ಲಿನ ಸುರುಳಿಗಳು. ಅವು ಸದ್ದನ್ನೆಲ್ಲ ನುಂಗಿಬಿಟ್ಟವು. ರಜಾಯಿಯ ಬೀರುವಿಗಿಂತ ಹಿತವಾಗಿತ್ತು. ಅವಳು ಡ್ರೈವರ್ ಸೀಟಿನಲ್ಲಿ ಕೂತು ಗಾಜು ಏರಿಸಿದಳು. ಫೋನಿನ ಹಾಟ್‌ಸ್ಪಾಟ್ ಹಾಕಿದಳು. ನಾಲ್ಕು ಗೆರೆ ಸಿಗ್ನಲ್. ಆಗಲೇ ಫೋನು ರಿಂಗಾಯಿತು.

“ಮೇಡಂ ನಮಸ್ಕಾರ, ನಿಮ್ಮ ಇಂಟರ್ನೆಟ್ ಇನ್ನು ಹತ್ತೇ ನಿಮಿಷದಲ್ಲಿ...”

ಅದೇ ಬೆಣ್ಣೆ. ಗಂಟೆ ಹತ್ತು ಐವತ್ತೆಂಟು. ಮಾತಿನಮಲ್ಲಿ ಬೈಯಲಿಲ್ಲ. ಎದೆತುಂಬ ಉಸಿರೆಳೆದುಕೊಂಡು ತನ್ನ ಜೀವಮಾನದ ಅತ್ಯುತ್ತಮ ಮೇಕೆಯನ್ನು ಅವನ ಕಿವಿಗೆ ಬಿಟ್ಟಳು, ಕರೆ ಕತ್ತರಿಸಿ ನಂಬರನ್ನು ಬ್ಲಾಕ್ ಮಾಡಿದಳು.

ಹೊರಗೆ ಅತ್ತೆ ಬೀದಿಯ ನಡುವೆ ಕೈಯಗಲಿಸಿ ನಿಂತಿದ್ದಳು. ಬಂದ ಸ್ಕೂಟರುಗಳಿಗೆಲ್ಲ “ಇಂಜಿನ್ ಆಫ್ ಮಾಡಿ ತಳ್ಕೊಂಡು ಹೋಗಿ!” ಎಂದು ಬರೀ ಬೆರಳಿನಿಂದ ಹೇಳುತ್ತಿದ್ದಳು. ಒಬ್ಬನೂ ಎದುರು ಮಾತಾಡಲಿಲ್ಲ.

“ಕೇಳಿಸ್ತಿದೀಯಮ್ಮ,” ಎಂದರು ನಿರ್ದೇಶಕರು. “ಶುರು ಮಾಡು.”

ಅವಳು ಮುಂದಿನ ಗಾಜಿನಲ್ಲಿ ನೋಡಿದಳು. ಮೇಲೆ ಅವನ ಬೆನ್ನು ಕಾಣುತ್ತಿತ್ತು. ಅದೇ ಮಡಿಚಿದ ಕಾಲರು, ಕುತ್ತಿಗೆಯ ಅದೇ ಗೆರೆ. ಕೆಲಸ ಮುಗಿದರೆ ಇಳಿಯುತ್ತಾನೆ. ಇಳಿದರೆ ಹೋಗುತ್ತಾನೆ. ಬಾಯಿಗೆ ಬಂದಿದ್ದ ನಯವೆಲ್ಲ ಗಂಟಲಿನಲ್ಲೇ ನಿಂತಿತು.

“ಇನ್ನೊಂದು... ಸ್ವಲ್ಪ ಹೊತ್ತು ಇರು.” ಮಾತು ಮುಗ್ಗರಿಸಿತು. ಅವಳು ಅದನ್ನು ಎತ್ತಿ ನಿಲ್ಲಿಸಲು ಹೋಗಲಿಲ್ಲ. “ಕಾರಣ... ಕೇಳಬೇಡ.”

ನೆಟ್ ಹೋಯಿತೆಂದುಕೊಂಡು ಅವಳು ಸಿಗ್ನಲ್ ನೋಡಿದಳು. ಗೆರೆಗಳು ನಾಲ್ಕೂ ಇದ್ದವು.

“ಯಾರನ್ನ ನೋಡ್ಕೊಂಡು ಹೇಳಿದೆ ಇದನ್ನ?” ಎಂದರು ನಿರ್ದೇಶಕರು.

“ಒಬ್ರು... ಏಣಿ ಮೇಲಿದಾರೆ ಸಾರ್.”

“ಅವರು ಇಳಿಯೋದ್ರೊಳಗೆ ಇನ್ನೊಂದು ಸಲ ಹೇಳು. ರೆಕಾರ್ಡ್ ಮಾಡ್ಕೋತೀನಿ.”

ಹೇಳಿದಳು. ಎರಡನೆಯ ಸಲ ಇನ್ನೂ ಕಷ್ಟವಾಯಿತು, ಇನ್ನೂ ಚೆನ್ನಾಗಿ ಬಂತು. ನಿರ್ದೇಶಕರು ಮೂಗು ಒರೆಸಿಕೊಂಡ ಸದ್ದು ಅವಳ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. “ನೂರಾ ನಾಲ್ಕು ಕಂತೂ ನಿನ್ನದೇ. ಸೋಮವಾರದಿಂದ ಶುರು,” ಎಂದರು.

ಅವಳು ಹೆಡ್‌ಫೋನ್ ತೆಗೆದು ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು. ವ್ಯಾನಿನ ಹಾರ್ನ್ ಇಡೀ ಬಡಾವಣೆಗೆ ಕೇಳುವ ಹಾಗೆ ಮೊಳಗಿತು. ಅತ್ತೆಗೆ ಅಷ್ಟೇ ಸಾಕಾಯಿತು. ಅವಳು ಮುಂದಿನ ಸ್ಕೂಟರಿನವನನ್ನು ನಿಲ್ಲಿಸಿ, “ನಮ್ಮ ಹುಡುಗಿ ನಾಯಕಿ ಆದ್ಲು ಕಣಪ್ಪಾ!” ಎಂದು ಕೈ ಕುಲುಕಿದಳು.

ಏಣಿ ಕೆಳಗಿಳಿಯಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ವ್ಯಾನಿನಿಂದ ಇಳಿಯಲಿಲ್ಲ. ಅವನು ಬಂದು ಗಾಜಿನ ಪಕ್ಕ ನಿಂತಾಗ ಅವಳು ಗಾಜಿಳಿಸಿದಳು.

“ಲೈನ್... ಬಂತು. ನಿಮ್ಮದು?”

“ಸಿಕ್ತು.”

ಅವನು ನಕ್ಕ. ಈ ಸಲ ತಡವಾಗಲಿಲ್ಲ. ಕೀಗಾಗಿ ಕೈ ಚಾಚಿದ. ಅವಳು ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಅವರಿಗೆ ಒಂದು ಮಾತು ಹೇಳಿದೆ, ಅದಕ್ಕೇ ಸಿಕ್ತು. ಅದು... ಅವರಿಗೆ ಹೇಳಿದ್ದಲ್ಲ.” ಮುನ್ನೂರು ಮೇಕೆ ಕೂಗಿದವಳು ಸ್ಟೀರಿಂಗ್ ನೋಡುತ್ತ ಹೇಳಿದಳು. “ನಿಮಗೆ ಹೇಳಿದ್ದು. ಗಾಜು ಮೇಲಿತ್ತು, ನಿಮಗೆ ಕೇಳಿಸ್ಲಿಲ್ಲ. ಈಗ ಹೇಳೋಣ ಅಂದ್ರೆ... ಬರ್ತಿಲ್ಲ.”

ಅವನು ಬಹಳ ಹೊತ್ತು ಸುಮ್ಮನಿದ್ದ. ಹಾಗೆ ಸುಮ್ಮನಿರುವವನನ್ನು ಕಂಡರೆ ಸೋಮವಾರದ ಮಾತಿನಮಲ್ಲಿ ಬಾಗಿಲು ಹಾಕುತ್ತಿದ್ದಳು. ಶುಕ್ರವಾರದವಳು ಕಾದಳು.

“ನಂಗೂ ಒಂದು... ಹೇಳೋದಿತ್ತು, ಮೇಡಂ.”

“ಮೇಡಂ ಬೇಡ.”

“ಮತ್ತೆ?”

“ಮಲ್ಲಿ ಅನ್ನಿ.”

ಅವನು ಆ ಎರಡಕ್ಷರವನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡು ನೋಡಿದ. “ನಾನು ನಿಧಾನ, ಮಲ್ಲಿ. ಪೂರ್ತಿ ಹೇಳೋಕೆ... ಹೊತ್ತಾಗತ್ತೆ.”

“ಆಗ್ಲಿ,” ಎಂದು ಅವಳು ಪಕ್ಕದ ಸೀಟಿನ ಬಾಗಿಲು ತೆರೆದಳು. “ಸೋಮವಾರದವರೆಗೂ ನಂಗೆ ಕೆಲಸ ಇಲ್ಲ.”

ಅವನು ಹತ್ತಿ ಕೂತ. ಕಂಬಕ್ಕೆ ಒರಗಿದ್ದ ಏಣಿ ಅಲ್ಲೇ ಉಳಿಯಿತು. ಅವನು ಹೇಳಿದ್ದು ಒಂದೇ ಒಂದು ವಾಕ್ಯ. ಅದರಲ್ಲಿ ಒಂಬತ್ತು ಪದಗಳಿದ್ದವು. ಅವನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬೀದಿಯ ನೆರಳೆಲ್ಲ ಆ ಕಡೆಯಿಂದ ಈ ಕಡೆಗೆ ಹೊರಳಿತ್ತು, ಅತ್ತೆ ಮನೆಗೆ ಹೋಗಿ ಊಟ ಮುಗಿಸಿ ಒಂದು ನಿದ್ದೆ ತೆಗೆದು ಬಂದಿದ್ದಳು, ಇಡೀ ಬಡಾವಣೆಯ ರೂಟರುಗಳು ಹಸಿರು ದೀಪ ಹಚ್ಚಿಕೊಂಡು ಕಾದಿದ್ದವು. ಮಾತಿನಮಲ್ಲಿ ಮಾತ್ರ ಹುಟ್ಟಿದ ಮೇಲೆ ಮೊದಲ ಸಲ, ನಡುವೆ ಒಂದೇ ಒಂದು ಮಾತೂ ಆಡದೆ, ಆ ಒಂಬತ್ತೂ ಪದಗಳನ್ನು ಒಂದೊಂದಾಗಿ ಕೇಳಿಸಿಕೊಂಡಳು.